ಗಾಳಿ ತೆಗೆದ ಚೀಲ: ವ್ಯಾಕ್ಯೂಮ್ ಸೀಲರ್ ಏನನ್ನು ಕಾಯುತ್ತದೆ, ಏನನ್ನು ಕಾಯುವುದಿಲ್ಲ

ಹಳೇ ಮೈಸೂರಿನ ಬಯಲುಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೀರು ನಿಲ್ಲದ ಎತ್ತರದ ಜಾಗ ನೋಡಿ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಗುಂಡಿ ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಕಾಳು, ಹುಳು ಎರಡೂ ಉಸಿರಾಡಿ ಗುಂಡಿಯಲ್ಲಿದ್ದ ಆಮ್ಲಜನಕವನ್ನು ಮುಗಿಸುತ್ತಿದ್ದವು. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳು ಸಾಯುತ್ತಿತ್ತು. ಹಗೇವು ತೆರೆದ ಕೂಡಲೇ ಒಳಗಿಳಿಯಬಾರದು, ದೀಪ ಇಳಿಬಿಟ್ಟು ಆರದಿದ್ದರೆ ಮಾತ್ರ ಇಳಿಯಬೇಕು ಎಂದು ಹಿರಿಯರು ಹೇಳುತ್ತಿದ್ದದ್ದೂ ಇದೇ ಕಾರಣಕ್ಕೆ.

ಅಡುಗೆಮನೆ ಕಟ್ಟೆಯ ಮೇಲಿಡುವ ವ್ಯಾಕ್ಯೂಮ್ ಸೀಲರ್ ಕೂಡ ದೂರವಿಡುವುದು ಆಮ್ಲಜನಕವನ್ನೇ. ಹಗೇವಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಇದು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ. ಎರಡು ಮೂರು ಸಾವಿರ ರೂಪಾಯಿಗೆಲ್ಲ ಸಿಗತೊಡಗಿದ ಮೇಲೆ ಈ ಯಂತ್ರ ನಮ್ಮ ಮನೆಗಳಿಗೂ ಬರುತ್ತಿದೆ. ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಬರುತ್ತಿದೆ: ಗಾಳಿ ತೆಗೆದು ಸೀಲ್ ಮಾಡಿಬಿಟ್ಟರೆ ಯಾವ ಆಹಾರವನ್ನಾದರೂ ಹೊರಗಿಡಬಹುದು ಎಂದು. ಹಗೇವಿಗೆ ತುಂಬುತ್ತಿದ್ದದ್ದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಕಾಳನ್ನು ಮಾತ್ರ ಎಂಬುದನ್ನು ಮರೆಯಬಾರದು. ಸೀಲರ್ ಗಾಳಿಯನ್ನು ತೆಗೆಯುತ್ತದೆ. ನೀರನ್ನು ತೆಗೆಯುವುದಿಲ್ಲ, ಕ್ರಿಮಿಯನ್ನು ಕೊಲ್ಲುವುದಿಲ್ಲ. ಅದರ ಲಾಭವೂ ಅಪಾಯವೂ ಇರುವುದು ಇಲ್ಲೇ.

ಯಂತ್ರದೊಳಗೆ

ಮನೆಗಳಲ್ಲಿ ಬಳಸುವ ಸೀಲರ್‌ನಲ್ಲಿ ಚೀಲದ ಬಾಯಿಯನ್ನಷ್ಟೇ ಯಂತ್ರದ ತುಟಿಗಳ ನಡುವೆ ಇಡುತ್ತೇವೆ. ಮುಚ್ಚಳ ಒತ್ತಿದರೆ ಸ್ಪಂಜಿನಂಥ ರಬ್ಬರ್ ಪಟ್ಟಿ ಸುತ್ತಲೂ ಬಿಗಿಯುತ್ತದೆ. ಸಣ್ಣ ಪಂಪು ಚೀಲದ ಗಾಳಿಯನ್ನು ಎಳೆಯುತ್ತದೆ. ಒಳಗಿನ ಒತ್ತಡ ಗೊತ್ತಾದ ಮಟ್ಟಕ್ಕೆ ಇಳಿದಾಗ ಬಿಸಿಯಾಗುವ ತಂತಿ ಚೀಲದ ಎರಡು ಪದರಗಳನ್ನು ಕರಗಿಸಿ ಬೆಸೆಯುತ್ತದೆ. ತಂತಿಯ ಮೇಲೆ ಟೆಫ್ಲಾನ್ ಪಟ್ಟಿ ಇರುವುದರಿಂದ ಪ್ಲಾಸ್ಟಿಕ್ ಅಂಟಿಕೊಳ್ಳುವುದಿಲ್ಲ.

ಡಬ್ಬದ ಮೇಲೆ ಮೈನಸ್ 60 ಅಥವಾ ಮೈನಸ್ 80 ಕಿಲೋಪಾಸ್ಕಲ್ ಎಂದು ಬರೆದಿರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಅಂದರೆ ಒಳ್ಳೆಯ ಮನೆ ಯಂತ್ರವೂ ಎಲ್ಲ ಗಾಳಿಯನ್ನು ತೆಗೆಯುವುದಿಲ್ಲ. ಚೀಲ ಆಹಾರಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದರೂ ಕಾಳುಗಳ ಸಂದಿಯಲ್ಲಿ ಅಷ್ಟಿಷ್ಟು ಗಾಳಿ ಉಳಿದೇ ಇರುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ಒತ್ತಡವೇ 91 ಕಿಲೋಪಾಸ್ಕಲ್‌ನ ಆಸುಪಾಸು. ಹೀಗಾಗಿ ಮಂಗಳೂರಿನಲ್ಲಿ ಬಿಗಿಯುವಷ್ಟು ಗಟ್ಟಿಯಾಗಿ ಚೀಲ ಅಲ್ಲಿ ಬಿಗಿಯದಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ.

ಚೀಲವೂ ಯಂತ್ರದಷ್ಟೇ ಮುಖ್ಯ. ಕಿರಾಣಿ ಅಂಗಡಿಯ ಸಾಮಾನ್ಯ ಪ್ಲಾಸ್ಟಿಕ್ ಕವರು ತೇವವನ್ನು ಸಾಕಷ್ಟು ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದಿಲ್ಲ. ಅದು ಪ್ಲಾಸ್ಟಿಕ್ಕನ್ನು ದಾಟಿ ನಿಧಾನವಾಗಿ ಒಳಗೆ ಬರುತ್ತದೆ. ಸೀಲರ್ ಚೀಲದಲ್ಲಿ ಹೊರಗೆ ನೈಲಾನ್, ಒಳಗೆ ಪಾಲಿಥೀನ್ ಪದರ. ನೈಲಾನ್ ಆಮ್ಲಜನಕಕ್ಕೆ ಅಡ್ಡಿ, ಪಾಲಿಥೀನ್ ಬಿಸಿಗೆ ಕರಗಿ ಬೆಸೆಯುತ್ತದೆ. ಒಂದು ಮುಖದ ಮೇಲೆ ಉಬ್ಬಿದ ಗೆರೆಗಳೋ ಚೌಕಳಿಯೋ ಇರುತ್ತದೆ. ಅದು ಅಂದಕ್ಕಲ್ಲ. ಪಂಪು ಎಳೆಯತೊಡಗಿದಾಗ ಎರಡು ಪದರಗಳು ಬಾಯಿಯ ಹತ್ತಿರವೇ ಅಂಟಿಕೊಂಡುಬಿಟ್ಟರೆ ಒಳಗಿನ ಗಾಳಿಗೆ ದಾರಿ ಇರುವುದಿಲ್ಲ, ಆ ಗೆರೆಗಳೇ ದಾರಿ. ನುಣುಪು ಚೀಲವಷ್ಟೇ ಇದ್ದರೆ ಗೆರೆಯಿರುವ ಚೀಲದಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ ಬಾಯಿಯೊಳಗೆ ತೂರಿಸಿಡಿ, ಕೆಲಸ ನಡೆಯುತ್ತದೆ.

ಚೀಲವನ್ನು ಕಂಠಮಟ್ಟ ತುಂಬಬಾರದು. ಮೇಲೆ ನಾಲ್ಕೈದು ಬೆರಳು ಖಾಲಿ ಬಿಟ್ಟು, ಬೆಸೆಯುವ ಜಾಗವನ್ನು ಒಣ ಬಟ್ಟೆಯಿಂದ ಒಳಗಡೆಯೂ ಒರೆಸಬೇಕು. ಅಲ್ಲಿ ಒಂದು ಚಿಟಿಕೆ ಹಿಟ್ಟು, ಎಣ್ಣೆಯ ಪಸೆ, ನೀರ ಹನಿ ಇದ್ದರೂ ಸೀಲ್ ಕೂಡಿದಂತೆ ಕಂಡು ಎರಡು ದಿನಕ್ಕೆ ಬಿಡುತ್ತದೆ. ಮುಖ್ಯವಾದ ಪೊಟ್ಟಣಕ್ಕೆ ಒಂದು ಬೆರಳು ಕೆಳಗೆ ಇನ್ನೊಂದು ಸೀಲ್ ಹಾಕಿಬಿಡಿ. ಒಂದಾದ ಮೇಲೆ ಒಂದು ಚೀಲ ಹಾಕುವಾಗ ನಡುವೆ ಅರ್ಧ ನಿಮಿಷ ಬಿಟ್ಟರೆ ತಂತಿ ತಣಿಯುತ್ತದೆ. ಮರುದಿನ ಪೊಟ್ಟಣವನ್ನು ಕೈಯಲ್ಲಿ ಒತ್ತಿ ನೋಡಿ. ಸಡಿಲಾಗಿದ್ದರೆ ಎಲ್ಲೋ ತೂತಿದೆ. ಒಣಮೆಣಸಿನ ತೊಟ್ಟು, ಚಕ್ಕೆ, ಕೊಬ್ಬರಿ ಚೂರಿನ ಅಂಚು, ಮೀನಿನ ಮುಳ್ಳು ಇವೇ ಹೆಚ್ಚಾಗಿ ಚೀಲ ತೂತು ಮಾಡುವುದು. ಅಂಥದ್ದನ್ನು ಮೊದಲು ಕಾಗದದಲ್ಲಿ ಸುತ್ತಿ ಇಡಬೇಕು.

ಒಣ ಸಾಮಾನು: ಇಲ್ಲಿ ಅದು ಗೆಲ್ಲುತ್ತದೆ

ಉತ್ತರ ಕರ್ನಾಟಕದ ಮನೆಗಳ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿಗಳನ್ನು ನೋಡಿ. ಮೂರೂ ಎಣ್ಣೆಕಾಳಿನ ಪುಡಿಗಳು. ಕಾಳು ಇಡಿಯಾಗಿದ್ದಾಗ ಎಣ್ಣೆ ಸಿಪ್ಪೆಯೊಳಗೆ ಕ್ಷೇಮವಾಗಿರುತ್ತದೆ. ಹುರಿದು ಕುಟ್ಟಿದ ಕ್ಷಣದಿಂದ ಅದು ಗಾಳಿಗೆ ತೆರೆದುಕೊಳ್ಳುತ್ತದೆ. ಅಗಸೆಯ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಆಲ್ಫಾ ಲಿನೊಲೆನಿಕ್ ಆಮ್ಲ. ಆಮ್ಲಜನಕ ಅತಿ ಸುಲಭವಾಗಿ ಕೆಡಿಸುವ ಕೊಬ್ಬುಗಳಲ್ಲಿ ಅದೂ ಒಂದು. ಅಗಸಿ ಹಿಂಡಿ ಶೇಂಗಾ ಹಿಂಡಿಗಿಂತ ಬೇಗ ಕಮಟು ವಾಸನೆ ಹಿಡಿಯುವುದು ಇದರಿಂದಲೇ. ಇಂಥ ಪುಡಿಗಳಿಗೆ ಸೀಲರ್ ನಿಜಕ್ಕೂ ಹೇಳಿ ಮಾಡಿಸಿದ್ದು. ಹುರಿದ ಬಿಸಿ ಪೂರ್ತಿ ಆರಿದ ಮೇಲೆ, ವಾರಕ್ಕೆ ಬೇಕಾಗುವಷ್ಟನ್ನೇ ಒಂದೊಂದು ಪೊಟ್ಟಣಕ್ಕೆ ತುಂಬಿ ಸೀಲ್ ಮಾಡಿ, ಬೆಳಕು ಬೀಳದ ಡಬ್ಬಿಯಲ್ಲಿಡಿ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಕೆಜಿಗಟ್ಟಲೆ ಒಂದೇ ಚೀಲದಲ್ಲಿಟ್ಟು ದಿನಾ ತೆರೆಯುವುದಾದರೆ ಸೀಲರ್ ಇದ್ದೂ ಪ್ರಯೋಜನವಿಲ್ಲ.

ಪುಡಿ ತುಂಬುವಾಗ ಪಂಪು ಅದನ್ನೂ ಗಾಳಿಯ ಜೊತೆ ಎಳೆದುಕೊಳ್ಳುತ್ತದೆ. ಸಾರಿನ ಪುಡಿ, ಅಕ್ಕಿಹಿಟ್ಟು, ಕಾಫಿಪುಡಿ ಯಂತ್ರದೊಳಗೆ ಹೋದರೆ ಪಂಪು ಹಾಳು. ಪುಡಿಯ ಮೇಲೆ ಮಡಚಿದ ಟಿಶ್ಯೂ ಕಾಗದವನ್ನೋ ತೆಳು ಬಟ್ಟೆಯ ತುಂಡನ್ನೋ ಇಟ್ಟು ಸೀಲ್ ಮಾಡಿ. ಪುಡಿಯನ್ನು ಮೊದಲು ಕಾಗದದ ಪೊಟ್ಟಣಕ್ಕೆ ತುಂಬಿ ಅದನ್ನೇ ಚೀಲದಲ್ಲಿಡುವುದು ಇನ್ನೂ ಸುಲಭ.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಆ ಕೆಂಪನ್ನು ತಿನ್ನುವುದು ಬೆಳಕು ಮತ್ತು ಆಮ್ಲಜನಕ. ಸೀಲರ್ ಎರಡನೆಯದನ್ನಷ್ಟೇ ತಡೆಯುತ್ತದೆ. ಪಾರದರ್ಶಕ ಚೀಲವನ್ನು ಕಿಟಕಿಯ ಬಳಿಯ ಷೆಲ್ಫಿನಲ್ಲಿಟ್ಟರೆ ಮೆಣಸಿನಪುಡಿ ಗಾಳಿಯಿಲ್ಲದೆಯೂ ಬಿಳಚುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಬೆಲ್ಲ, ಹುರಿಗಡಲೆ, ಏಲಕ್ಕಿ, ಕಾಫಿಪುಡಿ ಸೀಲ್ ಮಾಡಿಟ್ಟುಕೊಳ್ಳುವುದು ಒಳ್ಳೆಯ ಉಪಯೋಗ. ಅಲ್ಲಿ ಕಾಡುವುದು ತೇವ, ಚೀಲ ಅದನ್ನು ಚೆನ್ನಾಗಿ ತಡೆಯುತ್ತದೆ. ಆಗಷ್ಟೇ ಹುರಿದ ಕಾಫಿಬೀಜವನ್ನು ಮಾತ್ರ ಆ ದಿನವೇ ಸೀಲ್ ಮಾಡಬಾರದು. ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ, ಚೀಲ ಉಬ್ಬಿಕೊಳ್ಳುತ್ತದೆ.

ಅಕ್ಕಿ, ರವೆ, ಬೇಳೆಯ ಹುಳುವಿನ ವಿಷಯಕ್ಕೆ ಬರೋಣ. ಅಕ್ಕಿಯ ಮೂತಿಹುಳು ಕಾಳನ್ನು ಕೊರೆದು ಒಳಗೇ ಮೊಟ್ಟೆಯಿಟ್ಟು ಮುಚ್ಚುತ್ತದೆ. ಅಂಗಡಿಯಿಂದ ತಂದ ಅಕ್ಕಿ ಚೊಕ್ಕವಾಗಿ ಕಂಡರೂ ಮೊಟ್ಟೆ ಒಳಗಿರಬಹುದು. ಮನೆ ಯಂತ್ರ ಸ್ವಲ್ಪ ಗಾಳಿ ಉಳಿಸುವುದರಿಂದ ಬರೀ ಸೀಲ್ ಮಾಡಿದರೆ ಹುಳು ಪೂರ್ತಿ ಸಾಯುತ್ತದೆಂಬ ಭರವಸೆ ಇಲ್ಲ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 4 ದಿನ ಇಟ್ಟರೆ ಮೊಟ್ಟೆ, ಹುಳು ಎರಡೂ ಸಾಯುತ್ತವೆ. ಮೊದಲು ಸೀಲ್ ಮಾಡಿ, ಆಮೇಲೆ ಫ್ರೀಜರಿಗೆ ಹಾಕಿ, ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬೇಡಿ. ತೆರೆದರೆ ತಣ್ಣಗಿನ ಕಾಳಿನ ಮೇಲೆ ಹೊರಗಿನ ಗಾಳಿಯ ತೇವ ಕೂತು ಬೂಷ್ಟಿಗೆ ದಾರಿಯಾಗುತ್ತದೆ. ಕಾಳು ಹಲ್ಲಿನಲ್ಲಿ ಕಟಕ್ಕೆಂದು ಒಡೆಯುವಷ್ಟು ಒಣಗಿರಲೇಬೇಕು.

ಸಜ್ಜೆಹಿಟ್ಟು ಸೀಲರ್‌ನ ಮಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಬೀಸಿದ ಕೆಲವೇ ದಿನಕ್ಕೆ ಅದು ಕಹಿಯಾಗುತ್ತದೆ ಎಂಬುದು ರೊಟ್ಟಿ ತಟ್ಟುವವರಿಗೆಲ್ಲ ಗೊತ್ತು. ಸಜ್ಜೆಯಲ್ಲಿ ಕೊಬ್ಬು ಹೆಚ್ಚು, ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅದರಲ್ಲೇ ಇದೆ. ಬೀಸಿದಾಗ ಎರಡೂ ಕಲೆಯುತ್ತವೆ. ಲೈಪೇಸ್ ಕೆಲಸ ಮಾಡಲು ಆಮ್ಲಜನಕವೇ ಬೇಕಿಲ್ಲ. ಎಷ್ಟು ಗಾಳಿ ಎಳೆದರೂ ಆ ಕಹಿ ಪೂರ್ತಿ ನಿಲ್ಲುವುದಿಲ್ಲ. ಕಾಳನ್ನೇ ಸೀಲ್ ಮಾಡಿಟ್ಟು ವಾರಕ್ಕೊಮ್ಮೆ ಬೀಸಿಸಿಕೊಳ್ಳಿ.

ಫ್ರೀಜರಿನ ಜೊತೆಗಾರ

ಫ್ರೀಜರಿನಲ್ಲಿ ತೆರೆದಿಟ್ಟ ಆಹಾರದ ಮೇಲ್ಮೈಯ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ. ಆ ಜಾಗ ಒಣಗಿ, ಬಿಳಿಯಾಗಿ, ಬೆಂಡಿನಂತಾಗುತ್ತದೆ. ಚೀಲ ಆಹಾರಕ್ಕೆ ಅಂಟಿಕೊಂಡಿದ್ದರೆ ಆವಿಗೆ ಹೋಗಲು ಜಾಗವಿಲ್ಲ. ನನ್ನ ಮಟ್ಟಿಗೆ ಸೀಲರ್ ಕೊಳ್ಳಲು ಇದೊಂದೇ ಕಾರಣ ಸಾಕು.

ಅವರೆಕಾಯಿಯನ್ನೇ ನೋಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಬುಟ್ಟಿಗಟ್ಟಲೆ ಬಂದು ಫೆಬ್ರವರಿ ಕಳೆಯುವ ಹೊತ್ತಿಗೆ ಮಾಯವಾಗುವ ಕಾಳು. ಹಸಿಯಾಗಿಯೇ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳಲ್ಲಿ ರುಚಿ ಕೆಟ್ಟಿರುತ್ತದೆ, ಏಕೆಂದರೆ ಕಾಳಿನ ಕಿಣ್ವಗಳು ಆ ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಿರುತ್ತವೆ. ಅವನ್ನು ನಿಲ್ಲಿಸುವುದು ಬಿಸಿ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಸುಲಿದ ಕಾಳನ್ನು 2ರಿಂದ 3 ನಿಮಿಷ ಹಾಕಿ, ಸೋಸಿ ಕೂಡಲೇ ಮಂಜುಗಡ್ಡೆಯ ನೀರಿಗೆ ಹಾಕಿ. ತಣಿದ ಮೇಲೆ ಬಟ್ಟೆಯ ಮೇಲೆ ಹರಡಿ ಪಸೆ ಆರಿಸಿ, ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಡಿ. ಕಾಳು ಗೋಲಿಯಂತೆ ಗಟ್ಟಿಯಾದ ಮೇಲೆ ಒಂದು ಹೊತ್ತಿನ ಸಾರಿಗೆ ಬೇಕಾದಷ್ಟನ್ನು ಚೀಲಕ್ಕೆ ತುಂಬಿ ಸೀಲ್ ಮಾಡಿ. ಮೊದಲೇ ಗಟ್ಟಿಯಾಗಿರುವುದರಿಂದ ಕಾಳು ಅಪ್ಪಚ್ಚಿಯಾಗದು, ನೀರು ಪಂಪಿಗೆ ಹೋಗದು. ಹಿತಕಿದ ಬೇಳೆಗೂ ಇದೇ ಕ್ರಮ, ಬಿಸಿನೀರಿನಲ್ಲಿ ಇನ್ನೂ ಕಡಿಮೆ ಹೊತ್ತು ಸಾಕು. ಆಷಾಢದಲ್ಲಿ ಉಪ್ಪಿಟ್ಟಿಗೆ ಹಾಕುವ ಈ ಕಾಳಿನಲ್ಲಿ ಸಂಕ್ರಾಂತಿಯ ಸೊಗಡು ಇರುವುದಿಲ್ಲ. ಸೊಗಡು ಹೆಚ್ಚಾಗಿ ಇರುವುದು ಕಾಯಿಸಿಪ್ಪೆಯ ಮೇಲಿನ ಎಣ್ಣೆಯಂಶದಲ್ಲಿ. ಆದರೆ ಕಾಳಿನ ಸಿಹಿ, ಬೆಣ್ಣೆಯಂಥ ಮೆದು ಹಾಗೇ ಇರುತ್ತದೆ.

ತೆಂಗಿನತುರಿಗೂ ಇದೇ ಉಪಾಯ. ಹಸಿ ತುರಿಯಲ್ಲಿ ನೀರೂ ಕೊಬ್ಬೂ ಎರಡೂ ಹೆಚ್ಚು, ಹೊರಗೆ ಒಂದು ದಿನವೂ ತಾಳದು. ಒಂದೊಂದು ಹಿಡಿಯನ್ನು ಚೀಲದಲ್ಲಿ ತೆಳ್ಳಗೆ ಹಪ್ಪಳದಂತೆ ಹರಡಿ, ಬಾಯಿ ಮಡಚಿ ಗಟ್ಟಿಯಾಗುವವರೆಗೆ ಫ್ರೀಜರಿನಲ್ಲಿಟ್ಟು, ಆಮೇಲೆ ಸೀಲ್ ಮಾಡಿ. ಬೇಕಾದಾಗ ಮುರಿದು ನೇರವಾಗಿ ಮಿಕ್ಸಿಗೆ ಹಾಕಬಹುದು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೊದಲೆಲ್ಲ ಆ ದಿನಗಳಿಗೆ ಒಣಮೀನೇ ಆಸರೆ. ಈಗ ಮೇ ಕೊನೆಯಲ್ಲಿ ಅಂಜಲ್, ಬಂಗುಡೆ ಕೊಂಡು ಸೀಲ್ ಮಾಡಿ ಫ್ರೀಜರಿನಲ್ಲಿಟ್ಟುಕೊಳ್ಳಲು ಸಾಧ್ಯವಿದೆ. ಬಂಗುಡೆ, ಬೂತಾಯಿಗಳ ಕೊಬ್ಬು ಬೇಗ ಕಮಟುವುದರಿಂದ ಗಾಳಿ ತೆಗೆಯುವುದು ಈ ಮೀನುಗಳಿಗೇ ಹೆಚ್ಚು ಉಪಯೋಗ. ಆದರೂ ಎರಡು ಮೂರು ತಿಂಗಳೊಳಗೆ ತಿಂದು ಮುಗಿಸಬೇಕು. ಕೊಂಡ ಹೊತ್ತಿಗೆ ಮೀನು ತಾಜಾ ಇರಲೇಬೇಕು. ಬಂಗುಡೆಯನ್ನು ಬಿಸಿಲಿನಲ್ಲಿ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಅದನ್ನು ಸೀಲರ್ ತೆಗೆಯಲಾರದು, ಫ್ರೀಜರ್ ತೆಗೆಯಲಾರದು, ಕುದಿಸಿದರೂ ಹೋಗದು. ಮೈ ಕೆಂಪಾಗಿ ತುರಿಕೆ, ತಲೆನೋವು ಬರುವುದು ಅದರಿಂದ. ಮೀನನ್ನು ತೊಳೆದು, ನೀರೊರೆಸಿ, ರೆಕ್ಕೆ ಕತ್ತರಿಸಿ, ತಟ್ಟೆಯಲ್ಲಿ ಗಟ್ಟಿಮಾಡಿ ಸೀಲ್ ಮಾಡಿ. ಕರಗಿಸುವಾಗ ಚೀಲವನ್ನು ಕತ್ತರಿಸಿ ತೆರೆದು, ಪಾತ್ರೆಯಲ್ಲಿಟ್ಟು, ಫ್ರಿಜ್‌ನಲ್ಲೇ ಕರಗಿಸಿ. ಸೀಲ್ ತೆರೆಯದೆ ಕರಗಿಸಬಾರದು. ಕಾರಣ ಮುಂದಿದೆ.

ಗಾಳಿಯಿಲ್ಲದಲ್ಲಿ ಬೆಳೆಯುವ ವಿಷ

ಆಹಾರ ಹಳಸಿದ್ದು ನಮಗೆ ತಿಳಿಯುವುದು ಮೂಗಿನಿಂದ. ಆ ವಾಸನೆ, ಲೋಳೆ, ಬೂಷ್ಟು ತರುವ ಜೀವಿಗಳಲ್ಲಿ ಹೆಚ್ಚಿನವಕ್ಕೆ ಗಾಳಿ ಬೇಕು. ಚೀಲದಲ್ಲಿ ಅವು ಸುಮ್ಮನಾಗುತ್ತವೆ, ಮೂಗಿಗೆ ಸಿಗುತ್ತಿದ್ದ ಎಚ್ಚರಿಕೆಯೂ ಇಲ್ಲವಾಗುತ್ತದೆ. ಅದೇ ಹೊತ್ತಿಗೆ ಗಾಳಿಯಿಲ್ಲದಲ್ಲೇ ಬೆಳೆಯುವ ಕ್ಲಾಸ್ಟ್ರಿಡಿಯಮ್ ಬಾಟ್ಯುಲಿನಮ್‌ಗೆ ಮೈದಾನ ತೆರವಾಗುತ್ತದೆ. ಅದರ ಬೀಜಕಣಗಳು ಮಣ್ಣಿನಲ್ಲಿ, ಗೆಡ್ಡೆಗಳ ಮೇಲೆ, ನೀರಿನ ತಳದ ಕೆಸರಿನಲ್ಲಿ ಇರುತ್ತವೆ. ಕುದಿಯುವ ನೀರಿಗೂ ಅವು ಸಾಯುವುದಿಲ್ಲ. ತೇವವಿರುವ, ಹುಳಿ ಕಡಿಮೆಯಿರುವ ಆಹಾರ ಗಾಳಿಯಿಲ್ಲದೆ ಹೊರಗಿನ ಬಿಸಿಯಲ್ಲಿದ್ದರೆ ಬೀಜಕಣ ಮೊಳೆತು ವಿಷ ಹುಟ್ಟುತ್ತದೆ. ಕೆಲವು ಜಾತಿಗಳು 3 ಡಿಗ್ರಿಗಿಂತ ಸ್ವಲ್ಪ ಮೇಲಿದ್ದರೂ ಬೆಳೆಯಬಲ್ಲವು. ಮೀನಿನ ಚೀಲವನ್ನು ತೆರೆದು ಕರಗಿಸಬೇಕೆಂದದ್ದು ಈ ಜಾತಿಗಳಿಗಾಗಿ. ವಿಷವಿರುವ ಆಹಾರಕ್ಕೆ ಕೆಟ್ಟ ವಾಸನೆ ಇರಲೇಬೇಕೆಂದಿಲ್ಲ, ಚೀಲ ಉಬ್ಬಲೇಬೇಕೆಂದೂ ಇಲ್ಲ.

1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಒಂದು ಹೋಟೆಲಿನ ಊಟದಿಂದ 36 ಮಂದಿ ಬಾಟ್ಯುಲಿಸಮ್‌ಗೆ ಒಳಗಾದರು. ಕಾರಣ, ಎಣ್ಣೆಯಲ್ಲಿ ಮುಳುಗಿಸಿ ಫ್ರಿಜ್‌ನ ಹೊರಗಿಟ್ಟಿದ್ದ ಕತ್ತರಿಸಿದ ಬೆಳ್ಳುಳ್ಳಿ. ಎಣ್ಣೆ ಗಾಳಿಯನ್ನು ತಡೆದಿತ್ತು, ಸೀಲರ್ ಮಾಡುವುದೂ ಅದನ್ನೇ. ಹಸಿ ಬೆಳ್ಳುಳ್ಳಿ, ಈರುಳ್ಳಿ, ಅಣಬೆಗಳನ್ನು ಸೀಲ್ ಮಾಡಿ ಹೊರಗೂ ಫ್ರಿಜ್‌ನಲ್ಲೂ ಇಡಬಾರದು. ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಸೀಲ್ ಮಾಡುವುದಾದರೆ ನೇರವಾಗಿ ಫ್ರೀಜರಿಗೆ.

ಬೇಯಿಸಿದ ಅನ್ನ, ಪಲ್ಯ, ಸಾರು, ಮಾಂಸದ ಸಾರಿಗೆ ಒಂದೇ ನಿಯಮ ಇಟ್ಟುಕೊಳ್ಳಿ: ಸೀಲ್ ಮಾಡದಿದ್ದರೆ ಫ್ರಿಜ್‌ನಲ್ಲಿ ಎಷ್ಟು ದಿನ ಇಡುತ್ತಿದ್ದಿರೋ, ಸೀಲ್ ಮಾಡಿದರೂ ಅಷ್ಟೇ ದಿನ. ಮೂರು ನಾಲ್ಕು ದಿನಕ್ಕೆ ಮುಗಿಯದಿದ್ದರೆ ಫ್ರೀಜರಿಗೆ ಹಾಕಿ. ಬಿಸಿಯಾಗಿದ್ದಾಗ ಸೀಲ್ ಮಾಡಬಾರದು. ಆವಿ ಪಂಪಿಗೆ ಹೋಗುತ್ತದೆ, ಒಳಗೆ ಉಳಿದ ಬಿಸಿ ಗಂಟೆಗಟ್ಟಲೆ ಆರದೆ ಕ್ರಿಮಿಗೆ ಹಿತವಾಗುತ್ತದೆ. ಉಬ್ಬಿದ ಚೀಲವನ್ನು ರುಚಿ ನೋಡದೆ ಎಸೆಯಿರಿ. ಸೀಲ್ ಮಾಡಿಟ್ಟಿದ್ದನ್ನು ತಿಂದ ಮೇಲೆ ಯಾರಿಗಾದರೂ ಒಂದೇ ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ದೋಸೆಹಿಟ್ಟನ್ನು ಸೀಲ್ ಮಾಡಬಾರದು ಎನ್ನಲು ಬೇರೆ ಕಾರಣ. ಅದು ಹುದುಗುವಾಗ ಗಾಳಿ ಬಿಡುತ್ತದೆ, ಸೀಲ್ ಮಾಡಿದ ಚೀಲ ಉಬ್ಬಿ ಒಡೆಯುತ್ತದೆ. ಹಸಿ ಎಲೆಕೋಸು, ಹೂಕೋಸುಗಳೂ ಚೀಲದಲ್ಲಿ ಗಾಳಿ ಬಿಡುತ್ತವೆ, ಅವನ್ನು ಬಿಸಿನೀರಿಗೆ ಹಾಕಿ ತೆಗೆದು ಫ್ರೀಜರಿಗೆ ಹಾಕಬೇಕು. ಕಡಕ್ ರೊಟ್ಟಿ, ಚಕ್ಕುಲಿ, ಹಪ್ಪಳ ಚೀಲದ ಬಿಗಿತಕ್ಕೆ ಪುಡಿಯಾಗುತ್ತವೆ, ಅವಕ್ಕೆ ಬಿಗಿ ಮುಚ್ಚಳದ ಡಬ್ಬಿಯೇ ಸರಿ. ಉಪ್ಪಿನಕಾಯಿಯನ್ನು ಉಪ್ಪು, ಹುಳಿ, ಎಣ್ಣೆಗಳೇ ಕಾಯುತ್ತವೆ. ಅದನ್ನು ಚೀಲಕ್ಕೆ ಹಾಕಿದರೆ ಎಣ್ಣೆ ಬಾಯಿಗೆ ಬಂದು ಸೀಲೇ ಕೂಡುವುದಿಲ್ಲ.

ವಿದೇಶದಲ್ಲಿರುವ ಮಕ್ಕಳಿಗೆ ಚಟ್ನಿಪುಡಿ, ಹುರಿಹಿಟ್ಟು, ಬಿಸಿಬೇಳೆಬಾತ್ ಪುಡಿ ಕಳಿಸುವವರಿಗೆ ಸೀಲರ್ ಬಹಳ ಉಪಕಾರಿ. ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಗಾಳಿ ತುಂಬಿದ ಪೊಟ್ಟಣ ಅಲ್ಲಿ ಉಬ್ಬಿ ಬಾಯಿ ಬಿಡುತ್ತದೆ, ಗಾಳಿ ತೆಗೆದದ್ದು ಉಬ್ಬುವುದಿಲ್ಲ. ಒಣ ಪುಡಿಗಳನ್ನಷ್ಟೇ ಕಳಿಸಿ. ಹಸಿ ತೆಂಗಿನಕಾಯಿ ಚಟ್ನಿಯನ್ನೋ ಗೊಜ್ಜನ್ನೋ ಸೀಲ್ ಮಾಡಿ ಎರಡು ದಿನದ ಪ್ರಯಾಣಕ್ಕೆ ಕಳಿಸಬೇಡಿ.

ಕೊಳ್ಳುವ ಮುನ್ನ ಚೀಲದ ಖರ್ಚು ಲೆಕ್ಕ ಹಾಕಿ. ಯಂತ್ರ ಒಮ್ಮೆ, ಚೀಲ ಜೀವನಪೂರ್ತಿ. ಸುರುಳಿಯಲ್ಲಿ ಬರುವ ಚೀಲ ಕೊಂಡು ಬೇಕಾದ ಉದ್ದಕ್ಕೆ ಕತ್ತರಿಸಿಕೊಂಡರೆ ಅಗ್ಗ. ನೈಲಾನ್, ಪಾಲಿಥೀನ್ ಕೂಡಿದ ಈ ಪ್ಲಾಸ್ಟಿಕ್ಕನ್ನು ಮರುಬಳಕೆಗೆ ಕರಗಿಸುವುದು ಕಷ್ಟ. ಆದ್ದರಿಂದ ಬೇಳೆ, ಪುಡಿ ತುಂಬಿದ್ದ ಚೀಲದ ಬಾಯಿ ಕತ್ತರಿಸಿ, ತೊಳೆದು ಒಣಗಿಸಿ ಮತ್ತೆ ಬಳಸಿ. ಮಾಂಸ, ಮೀನು ಹಾಕಿದ್ದನ್ನು ಬಳಸಬೇಡಿ. ಗಾಳಿ ಎಳೆಯುವುದನ್ನು ನಡುವೆ ನಿಲ್ಲಿಸಿ ಸೀಲ್ ಮಾತ್ರ ಮಾಡುವ ಗುಂಡಿ ಯಂತ್ರದಲ್ಲಿ ಇರಲೇಬೇಕು, ಮೆತ್ತನೆ ಪದಾರ್ಥಕ್ಕೆ ಅದು ಬೇಕು. ರಬ್ಬರ್ ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಬಳಸದಾಗ ಮುಚ್ಚಳವನ್ನು ಒತ್ತಿ ಲಾಕ್ ಮಾಡಿಡಬೇಡಿ, ಪಟ್ಟಿ ಚಪ್ಪಟೆಯಾಗಿ ಗಾಳಿ ಸೋರುತ್ತದೆ.

ಆಯಾ ದಿನದ ತರಕಾರಿ ಆ ದಿನವೇ ತಂದು ಬೇಯಿಸುವ, ಫ್ರೀಜರ್ ಚಿಕ್ಕದಿರುವ ಮನೆಗೆ ಈ ಯಂತ್ರ ಬೇಡ. ಕಾಲಕಾಲದ ಬೆಳೆ, ಮೀನು, ಪುಡಿಗಳನ್ನು ಹೆಚ್ಚಾಗಿ ಕೊಂಡೋ ಮಾಡಿಯೋ ಇಡುವ ಮನೆಗೆ ಅದು ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಪ್ರತಿ ಚೀಲದ ಮೇಲೆ ಏನಿದೆ, ಯಾವ ದಿನ ಹಾಕಿದ್ದು ಎಂದು ಅಳಿಸದ ಪೆನ್ನಿನಲ್ಲಿ ಬರೆದಿಡಿ. ಚೀಲ ಖಾಲಿಯಿದ್ದಾಗಲೇ ಬರೆಯಿರಿ, ಫ್ರೀಜರಿನಿಂದ ತೆಗೆದ ಒದ್ದೆ ಚೀಲದ ಮೇಲೆ ಶಾಯಿ ಹಿಡಿಯುವುದಿಲ್ಲ.